ಮಗಳಿಗೊಂದು ಪತ್ರ: ಆ ಫಾರಂ ನನ್ನ ಹತ್ತಿರವೇ ಇತ್ತು

ಅರಸೀಕೆರೆ
ಮಂಗಳವಾರ ರಾತ್ರಿ

ಪ್ರೀತಿಯ ಪುಟ್ಟಿ,

ಭಾನುವಾರ, ರಗ್ಬಿ ಟೀಮಿಗೆ ಸೇರಿದ್ದಕ್ಕೆ ನಿನಗೆ ಬೈದು, ಮಾತಿನ ಮಧ್ಯೆ ಫೋನ್ ಇಟ್ಟವನು ನಾನು. ಏನೇನು ಮಾತಾಯಿತು ಅನ್ನೋದು ಇಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಎತ್ತುವುದಿಲ್ಲ. ಶುಕ್ರವಾರ ನೀನು ಟೀಮಿನ ಜೊತೆ ಹೊರಡುತ್ತೀಯ. ಅಷ್ಟರೊಳಗೆ ಇದು ನಿನಗೆ ಸಿಗಬೇಕು. ಬರೆದು ಮುಗಿಸಿ, ಫೋಟೋ ತೆಗೆದು ಕಳಿಸುತ್ತೇನೆ. ಫೋನಿನಲ್ಲಾದರೆ ನನ್ನ ದನಿ ಏರಿಬಿಡುತ್ತೆ.

ಹೋದ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ನ್ಯಾಶ್‌ವಿಲ್‌ನಿಂದ ನನ್ನನ್ನೂ ಅಮ್ಮನನ್ನೂ ಸೆವಾನೀ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆಯಲ್ಲ, ಆವತ್ತಿನಿಂದ ಅಲ್ಲಿನ ಆ ಪುಟ್ಟ ಕಾಲೇಜಿನ 1899ರ ಅಮೆರಿಕನ್ ಫುಟ್‌ಬಾಲ್ ಟೀಮು ನನ್ನ ತಲೆಯಲ್ಲೇ ಕೂತಿದೆ. ನೀನು ಹೇಳಿದ್ದು ಸ್ವಲ್ಪ. ಊರಿಗೆ ಬಂದ ಮೇಲೆ ನಾನು ಹುಡುಕಿ ಹುಡುಕಿ ಓದಿದೆ. ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕಳೆದವನಿಗೆ ರೈಲಿನ ಕಥೆ ಸಿಕ್ಕರೆ ಬಿಡುತ್ತಾನಾ?

ಆರು ದಿನದಲ್ಲಿ ಐದು ಮ್ಯಾಚು. ನವೆಂಬರ್ 9ಕ್ಕೆ ಆಸ್ಟಿನ್, 10ಕ್ಕೆ ಹ್ಯೂಸ್ಟನ್, 11ಕ್ಕೆ ನ್ಯೂ ಆರ್ಲಿಯನ್ಸ್. ಭಾನುವಾರ ಬಿಡುವು. 13ಕ್ಕೆ ಬ್ಯಾಟನ್ ರೂಜ್, 14ಕ್ಕೆ ಮೆಂಫಿಸ್. ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ರೈಲಿನಲ್ಲೇ. ಆಡುವುದು, ಗಾಡಿ ಹತ್ತುವುದು, ಇಳಿದು ಮತ್ತೆ ಆಡುವುದು. ಐದೂ ಗೆದ್ದರು, ಎದುರಾಳಿಗೆ ಒಂದೇ ಒಂದು ಪಾಯಿಂಟ್ ಕೊಡಲಿಲ್ಲ! ಇದನ್ನೆಲ್ಲ ಹೊಂದಿಸಿದ ಮ್ಯಾನೇಜರ್ ಲ್ಯೂಕ್ ಲೀ ಕೂಡ ಅಲ್ಲಿನ ವಿದ್ಯಾರ್ಥಿಯೇ. ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಟೀಮಿನ ಜೊತೆ ಟಿಕೆಟ್ ಹಣದ ಜಗಳವಾಗಿ ಆ ವರ್ಷದ ಮ್ಯಾಚು ನಿಂತುಹೋಗಿತ್ತು. ಆ ಹಣ ತುಂಬಿಸಿಕೊಳ್ಳೋಕೆ ಈ ಪ್ರವಾಸ. ಕುಡಿಯೋಕೆ ತಮ್ಮೂರ ಊಟೆಯ ನೀರನ್ನೇ ಪೀಪಾಯಿಗಳಲ್ಲಿ ತುಂಬಿಕೊಂಡರು. ಆಟದ ಬೂಟುಗಳನ್ನು ಮಾತ್ರ ಹಿಂದೆ ಬಿಟ್ಟು ಹೊರಟುಬಿಟ್ಟಿದ್ದರು. ತಂತಿ ಕಳಿಸಿ ತರಿಸಿಕೊಂಡರಂತೆ. ಅದನ್ನು ಓದುವಾಗ ನನಗೆ ಕಂಡದ್ದು ಆ ಬೂಟಿನ ಗಂಟನ್ನು ಹಿಂದೆಯೇ ಹೊರಡುವ ಗಾಡಿಗೆ ಹತ್ತಿಸಿದ ಯಾರೋ ಗುಮಾಸ್ತ. ಅಂಥ ಎಷ್ಟು ಗಂಟು ಹತ್ತಿಸಿದ್ದೇನೋ ನಾನು.

ಆದರೆ ನಾನು ಬರೆಯಬೇಕೆಂದು ಕೂತದ್ದು ಆ ಕ್ಯಾಪ್ಟನ್ ಬಗ್ಗೆ. ಸೀಬಲ್ಸ್. ಆಸ್ಟಿನ್‌ನಲ್ಲಿ ಟೆಕ್ಸಾಸ್ ಟೀಮಿನ ಮೇಲೆ ಆಡುವಾಗ ತಲೆ ಒಡೆದು ರಕ್ತ ಬಂದರೂ ಆಟ ಬಿಡಲಿಲ್ಲ. ಆಗಿನ ನಿಯಮದಲ್ಲಿ ಒಮ್ಮೆ ಹೊರಗೆ ಹೋದವನು ಮತ್ತೆ ಒಳಗೆ ಬರುವ ಹಾಗಿರಲಿಲ್ಲ. ನೀನು ಅದನ್ನು ಕಣ್ಣರಳಿಸಿಕೊಂಡು ಹೇಳಿದೆ. ನಾನು ಏನೂ ಮಾತಾಡಲಿಲ್ಲ. ಅಮ್ಮ, ಕಾಲು ನೋಯ್ತಿದೆಯಾ ಅಂತ ಕೇಳಿದಳು. ಹೂಂ ಅಂದೆ. ಕಾಲಲ್ಲ ಪುಟ್ಟಿ, ತಿಪಟೂರಿನ ಆ ಕಬಡ್ಡಿ ಮ್ಯಾಚು.

ಒಂಬತ್ತನೇ ಕ್ಲಾಸು ನೀನು. ನೀಲಿ ಬನಿಯನ್ನು, ಬೆನ್ನ ಮೇಲೆ 7. ರೈಡಿಗೆ ಹೋದೆ. ಮೂರು ಜನ ಮೇಲೆ ಬಿದ್ದರು. ಆ ರಾಶಿಯ ಅಡಿಯಿಂದ ನಿನ್ನನ್ನು ಎತ್ತಿದಾಗ ಎಡಹುಬ್ಬು ಸೀಳಿತ್ತು. ರಕ್ತಕ್ಕೆ ಕೆಮ್ಮಣ್ಣು ಮೆತ್ತಿಕೊಂಡು, ಕಣ್ಣಿದೆಯೋ ಇಲ್ಲವೋ ಅಂತ ಗೊತ್ತಾಗಲಿಲ್ಲ. ಹೆಗಲ ಮೇಲಿದ್ದ ಟವೆಲ್ ಒತ್ತಿ ಹಿಡಿದೆ. ಆಟೋದಲ್ಲಿ ಅದು ಪೂರ್ತಿ ನೆಂದು, ನನ್ನ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಐದು ಹೊಲಿಗೆ. ನೀನು ಅಳಲಿಲ್ಲ. ಆ ರಾತ್ರಿ ಬಚ್ಚಲಲ್ಲಿ ಆ ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿದೆ. ಮೂರು ಸಲ ನೀರು ಬದಲಾಯಿಸಿದೆ. ನಾಲ್ಕನೇ ಸಲವೂ ನೀರು ಕೆಂಪಗೇ ಇತ್ತು. ಇನ್ನೊಂದು ಬೆರಳಿನಷ್ಟು ಕೆಳಗೆ ಬಿದ್ದಿದ್ದರೆ ಕಣ್ಣು. ಇವತ್ತಿಗೂ ಯಾರಾದರೂ ಕೆಂಪು ಬಟ್ಟೆ ನೆನೆಹಾಕಿದರೆ ನಾನು ಬಚ್ಚಲಿಗೆ ಹೋಗುವುದಿಲ್ಲ. ಕಣ್ಣಿಗೂ ಹುಬ್ಬಿಗೂ ಒಂದು ಬೆರಳು, ಅಷ್ಟೇ.

ಮುಂದಿನ ವರ್ಷ ಜಿಲ್ಲಾ ಆಯ್ಕೆಗೆ ಪೋಷಕರ ಸಹಿಯ ಫಾರಂ ಬಂದಿತ್ತಲ್ಲ. ಅಂಚೆಯಲ್ಲಿ ತಡವಾಗಿ ಬಂತು, ಕೊನೆಯ ದಿನ ಮುಗಿದಿದೆ ಅಂತ ಹೇಳಿದ್ದೆ. ಸುಳ್ಳು. ಅದು ಎಂಟು ದಿನ ಮೊದಲೇ ಬಂದಿತ್ತು. ಬೀರುವಿನಲ್ಲಿ ಪೇಪರ್ ಹಾಸಿರುತ್ತೇವಲ್ಲ, ಅದರ ಅಡಿಯಲ್ಲಿ ಇಟ್ಟೆ. ನೀನು ದಿನಾ ಸ್ಕೂಲಿಂದ ಬಂದು, ಪೋಸ್ಟ್ ಬಂತಾ ಅಪ್ಪಾ ಅನ್ನುತ್ತಿದ್ದೆ. ಎಂಟು ದಿನವೂ ಇಲ್ಲ ಅಂದೆ. ಅಮ್ಮನಿಗೂ ಇದು ಗೊತ್ತಿಲ್ಲ. ಇವತ್ತು ಅವಳಿಗೂ ಹೇಳುತ್ತೇನೆ. ನನ್ನನ್ನು ಕ್ಷಮಿಸು ಅಂತ ಕೇಳೋಕೆ ಇಷ್ಟು ವರ್ಷ ಬೇಕಾಯಿತು.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಓದುತ್ತಾ ಹೋದಾಗ ಒಬ್ಬ ತಾಯಿ ಸಿಕ್ಕಳು. ಸೆವಾನೀ ಟೀಮು ಆ ವರ್ಷ ಮೊದಲು ಆಡಿದ್ದು ಜಾರ್ಜಿಯಾ ಮೇಲೆ. ಎರಡು ವರ್ಷ ಹಿಂದೆ, 1897ರಲ್ಲಿ, ಅದೇ ಜಾರ್ಜಿಯಾ ಟೀಮಿನ ವಾನ್ ಗ್ಯಾಮನ್ ಅನ್ನೋ ಹುಡುಗ ಅಟ್ಲಾಂಟಾದಲ್ಲಿ ಆಡುವಾಗ ತಲೆಗೆ ಪೆಟ್ಟಾಗಿ ತೀರಿಕೊಂಡ. ಆಟವನ್ನೇ ನಿಲ್ಲಿಸಬೇಕು ಅಂತ ರಾಜ್ಯದ ಶಾಸಕರು ಮಸೂದೆ ಪಾಸು ಮಾಡಿದರು. ಆಗ ಆ ಹುಡುಗನ ತಾಯಿ, ರೋಸಲಿಂಡ್ ಗ್ಯಾಮನ್, ತನ್ನ ಮಗನ ಸಾವನ್ನು ಮುಂದಿಟ್ಟುಕೊಂಡು ಆಟ ನಿಲ್ಲಿಸಬೇಡಿ ಅಂತ ಕಾಗದ ಬರೆದಳು. ಗವರ್ನರ್ ಮಸೂದೆಗೆ ಸಹಿ ಹಾಕಲಿಲ್ಲ. ಅವರು ಹಾಕದೆ ಹೋದ ಸಹಿಯಿಂದ ಆಟ ಉಳಿಯಿತು. ನಾನು ಹಾಕದೆ ಹೋದದ್ದರಿಂದ ನಿನ್ನ ಆಟ ನಿಂತಿತು.

ಅವಳಿಗೆ ಆ ಕಾಗದ ಬರೆಯೋಕೆ ಕೈ ಹೇಗೆ ಬಂತೋ! ನನ್ನಿಂದ ಆಗದು ಪುಟ್ಟಿ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ನೀನು ಆಡು ಅಂತ ಹೇಳುತ್ತೇನೆ, ಆದರೆ ಭಯ ಪಡಬೇಡ ಅಂತ ನನಗೆ ಯಾರೂ ಹೇಳಬೇಡಿ.

ನೀನು ಆಡುವ ರಗ್ಬಿಯಿಂದಲೇ ಅವರ ಆಟ ಹುಟ್ಟಿದ್ದಂತೆ. ಹಾಗಾಗಿ ಒಂದಿಷ್ಟು ಮಾತು ಕೇಳು. ಹಲ್ಲಿಗೆ ಹಾಕುವ ಗಾರ್ಡನ್ನು ಪ್ರಾಕ್ಟೀಸಿನಲ್ಲೂ ಹಾಕು. ತಲೆಗೆ ಪೆಟ್ಟಾಗಿ ಸುತ್ತು ಬಂದರೆ, ವಾಕರಿಕೆ ಬಂದರೆ, ಮಂಕು ಕವಿದ ಹಾಗಾದರೆ, ತಕ್ಷಣ ಕೋಚ್‌ಗೆ ಹೇಳಿ ಹೊರಗೆ ಬಾ. ಆವತ್ತು ಮತ್ತೆ ಆಡಬೇಡ. ಸೀಬಲ್ಸ್ ಆಡಿದ ಅಂತ ನೀನು ಆಡಬೇಕಾಗಿಲ್ಲ. ಅವನಿಗೆ ಬೇರೆ ದಾರಿ ಇರಲಿಲ್ಲ, ನಿನಗಿದೆ. ರಾತ್ರಿಯೆಲ್ಲ ವ್ಯಾನ್ ಓಡಿಸುವ ಸರದಿ ತಗೋಬೇಡ, ನಿದ್ದೆಗೆಟ್ಟ ಮೈ ಆಟಕ್ಕೂ ಆಗೋದಿಲ್ಲ. ಉಪ್ಪು ಹಾಕಿದ ನಿಂಬೆಹಣ್ಣಿನ ಪಾನಕ ಮಾಡಿಕೊಂಡು ಹೋಗು. ಉಗುರು ಕತ್ತರಿಸಿಕೋ. ಮೊಣಕಾಲಿನ ವ್ಯಾಯಾಮ ಬಿಡಬೇಡ. ಇನ್ಶೂರೆನ್ಸ್ ಕಾರ್ಡು ಬ್ಯಾಗಿನಲ್ಲೇ ಇರಲಿ. ನೋಡು, ಒಂದಿಷ್ಟು ಅಂದವನು ಎಷ್ಟು ಬರೆದುಬಿಟ್ಟೆ. ಅಳಿಸುವುದಿಲ್ಲ, ಓದಿಕೋ.

ನೀನು ಟೀಮಿಗೆ ಸೇರಿದ್ದನ್ನು ಸ್ಟೇಷನ್ನಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ನಿನಗೆ ಮಾತ್ರ ಬೈದಿದ್ದೆ. ಟೀ ಅಂಗಡಿಯಲ್ಲಿ, ನಮ್ಮ ಹುಡುಗಿ ಅಮೆರಿಕದಲ್ಲಿ ಆಡ್ತಾಳೆ ಅಂತ ನಾನೇ ಶುರು ಮಾಡುತ್ತೇನೆ. ಅಮ್ಮ ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಯಾರಾದರೂ ಬರುವವರಿದ್ದರೆ ತಿಳಿಸು.

ಇನ್ನೊಂದು ಮಾತು. ಆವತ್ತು ಆಟೋದಲ್ಲಿ, ಟವೆಲ್ ಅಡಿಯಿಂದ ನೀನು ಕೇಳಿದ್ದೆ, ಅಪ್ಪಾ, ಪಾಯಿಂಟ್ ನಮಗೆ ಬಂತಾ ಅಂತ. ಬಾಯಿ ಮುಚ್ಚು ಅಂತ ಗದರಿದೆ. ಆಮೇಲೆ ನಿನ್ನ ಗೆಳತಿಯರು ಹೇಳಿರುತ್ತಾರೆ, ನಾನು ಹೇಳಲಿಲ್ಲ. ನಾನು ಗೆರೆಯ ಪಕ್ಕದಲ್ಲೇ ನಿಂತಿದ್ದೆ. ಮೂರು ಜನ ಮೇಲಿದ್ದರೂ ನಿನ್ನ ಬಲಗೈ ಮುಂದಕ್ಕೆ ಚಾಚಿತು. ಎರಡು ಬೆರಳು ಗೆರೆ ದಾಟಿತ್ತು. ಬಂತು ಕಣೇ. ಮೂರೂ ಬಂತು.

ಇಂತಿ,
ನಿನ್ನ ಅಪ್ಪ