ಸಭೆಯಲ್ಲಿ ಸನ್ನದ್ಧ, ಆಸ್ಪತ್ರೆಯಲ್ಲಿ ಬೀಗ

ಮಾನ್ಯರೇ,

‘ಮಂಗನ ಕಾಯಿಲೆ: ಆರೋಗ್ಯ ಇಲಾಖೆ ಸರ್ವಸನ್ನದ್ಧ’ ಎಂಬ ವರದಿ ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಫೋಟೊ ಸಮೇತ ಬಂದಿದೆ. ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲ ದಾಸ್ತಾನಿದೆಯಂತೆ, ಜ್ವರ ಬಂದವರ ರಕ್ತದ ಮಾದರಿ ಅದೇ ದಿನ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಗುತ್ತದಂತೆ, ಆಂಬುಲೆನ್ಸ್ ತಯಾರಿದೆಯಂತೆ, ಜನ ಆತಂಕಪಡಬಾರದಂತೆ. ಆ ಫೋಟೊದ ಎರಡನೇ ಸಾಲಿನಲ್ಲಿ ಕೂತಿರುವವರು ನಮ್ಮ ಊರಿನ ಆಸ್ಪತ್ರೆಯ ವೈದ್ಯರು. ಪಕ್ಕದಲ್ಲಿರುವವರು ಅದೇ ಆಸ್ಪತ್ರೆಯ ಫಾರ್ಮಸಿಸ್ಟ್. ಅವರಿಬ್ಬರೂ ತಾಲ್ಲೂಕು ಕೇಂದ್ರದಲ್ಲಿ ಆ ಸಭೆಯಲ್ಲಿ ಕೂತಿದ್ದ ಹೊತ್ತಿಗೆ ಸರಿಯಾಗಿ ನಾನು ಜ್ವರದಲ್ಲಿ ಬೇಯುತ್ತಿದ್ದ ನನ್ನ ತಮ್ಮನನ್ನು ಕರೆದುಕೊಂಡು ಅವರ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ.

ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ. ನಮ್ಮ ಮನೆ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸತ್ತ ಮಂಗದ ಮೈಯಿಂದ ರೋಗ ಹರಡುವ ಉಣುಗು (ಉಣ್ಣಿ) ಇಳಿದು ಸುತ್ತಲಿನ ದರಗಿನಲ್ಲೆಲ್ಲ, ಅಂದರೆ ಉದುರಿದ ಒಣ ಎಲೆಯಲ್ಲೆಲ್ಲ, ಹರಡುತ್ತದೆ. ಸುದ್ದಿ ತಿಳಿದ ಕೂಡಲೇ ಬಂದು ಉಣುಗು ಸಾಯುವ ಪುಡಿ ಹೊಡೆಯಬೇಕು, ಮಂಗನನ್ನು ಸುಡಬೇಕು, ಆ ಕಡೆ ಜನ ದನ ಹೋಗದಂತೆ ಎಚ್ಚರಿಸಬೇಕು. ಇದು ನಾನು ಹೇಳುವ ಮಾತಲ್ಲ, ಇಲಾಖೆಯೇ ಪಂಚಾಯಿತಿ ಗೋಡೆಗೆ ಅಂಟಿಸಿರುವ ಭಿತ್ತಿಪತ್ರದಲ್ಲಿದೆ. ಅದರಲ್ಲಿದ್ದ ನಂಬರಿಗೇ ಫೋನ್ ಮಾಡಿದೆ. ‘ಅರಣ್ಯ ಇಲಾಖೆಗೆ ತಿಳಿಸಿ’ ಎಂದರು. ಅರಣ್ಯದವರು ‘ಪಶುವೈದ್ಯರು ಬಂದು ನೋಡದೆ ನಾವು ಮುಟ್ಟುವ ಹಾಗಿಲ್ಲ’ ಎಂದರು. ಪಶು ಆಸ್ಪತ್ರೆಯಲ್ಲಿ ಫೋನ್ ಎತ್ತಿದವರು ‘ಆರೋಗ್ಯದವರು ಪತ್ರ ಕೊಡಲಿ’ ಎಂದರು. ಮಂಗ ಅಲ್ಲೇ ಕೊಳೆಯಿತು. ವಾಸನೆ ಅಂಗಳದವರೆಗೆ ಬಂತು. ನಮ್ಮ ದನಗಳು ಆ ಬೆಟ್ಟದಲ್ಲೇ ಮೇಯುವುದು, ಕೊಟ್ಟಿಗೆಗೆ ದರಗು ಬರುವುದೂ ಅಲ್ಲಿಂದಲೇ. ದರಗು ತರಲು ಹೋಗುತ್ತಿದ್ದವನು ನನ್ನ ತಮ್ಮ. ಅವನಿಗೆ ಮೈಕೈ ನೋವು, ತಲೆ ಎತ್ತಲಾಗದಷ್ಟು ನೋವು, ಕಣ್ಣು ಕೆಂಡದಷ್ಟು ಕೆಂಪು.

ಆಸ್ಪತ್ರೆಗೆ ಹೋದರೆ ಬಾಗಿಲೇನೋ ತೆರೆದಿತ್ತು. ‘ಡಾಕ್ಟ್ರು ಮೀಟಿಂಗಿಗೆ ಹೋಗಿದಾರೆ ಅಣ್ಣಾ, ಬರೋದು ಸಂಜೆ ಆಗ್ಬಹುದು’ ಎಂದರು ಸಿಸ್ಟರ್. ಸಂಜೆ ಎಂದರೆ ಅವರು ಬರುವುದಿಲ್ಲ ಎಂದೇ ಅರ್ಥ, ಏಕೆಂದರೆ ವಾರದ ಅರ್ಧದಷ್ಟು ದಿನ ಅವರಿಗೆ ಇನ್ನೊಂದು ಕೇಂದ್ರದಲ್ಲಿ ನಿಯೋಜನೆ. ರಕ್ತ ತೆಗೆಯುವ ಲ್ಯಾಬ್ ಟೆಕ್ನಿಷಿಯನ್ ಹುದ್ದೆ ಖಾಲಿ, ಪಕ್ಕದೂರಿನವರು ಬಂದು ಹೋಗುತ್ತಾರೆ, ಅವತ್ತು ಅವರೂ ಬಂದಿರಲಿಲ್ಲ. ಹಾಗಾದರೆ ಡೇಪಾ ಎಣ್ಣೆಯನ್ನಾದರೂ ಕೊಡಿ, ಮನೆಯಲ್ಲಿ ಉಳಿದವರು ಹಚ್ಚಿಕೊಳ್ಳಲಿ ಎಂದೆ. ಸಿಸ್ಟರ್ ದಾಸ್ತಾನು ಕೋಣೆಯ ಕಡೆ ಕೈ ತೋರಿಸಿದರು. ಕಿಟಕಿಯ ಸರಳಿನೊಳಗಿಂದ ರಟ್ಟಿನ ಪೆಟ್ಟಿಗೆಗಳು ಕಾಣುತ್ತಿದ್ದವು, ಅಂಟಿಸಿದ ಟೇಪನ್ನು ಸಹ ಯಾರೂ ಕಿತ್ತಿರಲಿಲ್ಲ. ಬಾಗಿಲಿಗೆ ಬೀಗ, ಬೀಗದ ಕೈ ಫಾರ್ಮಸಿಸ್ಟ್ ಜೇಬಿನಲ್ಲಿ, ಫಾರ್ಮಸಿಸ್ಟ್ ನಿಮ್ಮ ಫೋಟೊದಲ್ಲಿ. ‘ದಾಸ್ತಾನಿದೆ’ ಎಂದು ಸಭೆಯಲ್ಲಿ ವರದಿ ಕೊಟ್ಟದ್ದು ಸುಳ್ಳಲ್ಲ, ದಾಸ್ತಾನು ಇದೆ. ಅದು ಬೆಟ್ಟಕ್ಕೆ ಹೋಗುವವನ ಕೈಕಾಲಿಗೆ ಬರಬೇಕಾದ್ದು ಎಂಬುದು ಮಾತ್ರ ಇವರ ಯಾವ ಕಾಲಮ್ಮಿನಲ್ಲೂ ಇಲ್ಲ.

ಆ ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರೇ ಇದ್ದರು. ಬಾಣಂತಿಯನ್ನೂ ನೋಡಬೇಕು, ಚೀಟಿಯನ್ನೂ ಬರೆಯಬೇಕು, ಕಂಪ್ಯೂಟರಿಗೂ ತುಂಬಬೇಕು. ನನ್ನ ತಮ್ಮನ ಹಣೆಗೆ ಒದ್ದೆ ಬಟ್ಟೆ ಹಾಕಿ, ಪ್ಯಾರಾಸಿಟಮಾಲ್ ಕೊಟ್ಟು, ‘ಇಲ್ಲಿ ಕಾಯ್ಬೇಡಿ, ಇದು ಬರೀ ಜ್ವರ ಅಲ್ಲ, ತಾಲ್ಲೂಕಿಗೆ ಕರ್ಕೊಂಡು ಹೋಗಿ’ ಎಂದು ಹೇಳಿದ್ದೂ ಅವರೇ.

108ಕ್ಕೆ ಫೋನ್ ಮಾಡಿದರೆ ಗಾಡಿ ಬೇರೆ ಕೇಸಿಗೆ ಹೋಗಿದೆ ಎಂಬ ಉತ್ತರ. ಅದೂ ನೆಟ್‌ವರ್ಕ್ ಸಿಗುವ ದಿಬ್ಬದವರೆಗೆ ನಡೆದು ಹೋದ ಮೇಲೆ. ಊರಿನವರ ಓಮ್ನಿ ಹಿಡಿದು ತಾಲ್ಲೂಕು ಆಸ್ಪತ್ರೆ ತಲುಪಿದರೆ ಚೀಟಿ ಕೌಂಟರಿನಲ್ಲಿ ‘ಸರ್ವರ್ ಡೌನ್’. ಆಧಾರ್ ಜೆರಾಕ್ಸ್ ತನ್ನಿ, ರೇಷನ್ ಕಾರ್ಡ್ ತನ್ನಿ, ನಿಮ್ಮದು ಎಪಿಎಲ್ ಅಲ್ಲವೇ ಎಂಬ ವಿಚಾರಣೆ. ಮಂಗನ ಕಾಯಿಲೆಗೆ ಚಿಕಿತ್ಸೆ ಉಚಿತ ಎಂದು ಸರ್ಕಾರವೇ ಸಾರಿದೆಯಲ್ಲ ಎಂದರೆ, ‘ಮಂಗನ ಕಾಯಿಲೆ ಅಂತ ರಿಪೋರ್ಟ್ ಬಂದ್ಮೇಲೆ ಮಾತಾಡಿ’ ಎಂದರು. ರಿಪೋರ್ಟ್ ಬರಬೇಕಾದರೆ ರಕ್ತ ಹೋಗಬೇಕು. ರಕ್ತವೇನೋ ತೆಗೆದರು. ಆದರೆ ಮಾದರಿ ಒಯ್ಯುವ ವಾಹನ ಅವತ್ತಿನದು ಹೊರಟುಹೋಗಿತ್ತು, ಡಬ್ಬಿ ರಾತ್ರಿಯೆಲ್ಲ ಅಲ್ಲೇ ಫ್ರಿಜ್ಜಿನಲ್ಲಿ ಉಳಿಯಿತು. ಡ್ರಿಪ್ ಹಾಕುವ ಸೆಟ್ಟನ್ನು ಹೊರಗಿನ ಅಂಗಡಿಯಿಂದ ತರಿಸಿದರು.

ಈ ಕಾಯಿಲೆಗೆಂದೇ ಇರುವ ಔಷಧಿ ಯಾವುದೂ ಇಲ್ಲ. ಪ್ಲೇಟ್‌ಲೆಟ್ ಇಳಿಯುತ್ತದೆಯೇ, ರಕ್ತಸ್ರಾವ ಆಗುತ್ತದೆಯೇ ಎಂದು ಕಾಯುತ್ತ, ನೀರಿನಂಶ ಕಾಪಾಡಿಕೊಂಡು ರೋಗಿಯನ್ನು ದಾಟಿಸಬೇಕು. ಒಮ್ಮೆ ಬಿಟ್ಟ ಜ್ವರ ಒಂದೆರಡು ವಾರದ ಮೇಲೆ ಕೆಲವರಿಗೆ ಮರುಕಳಿಸುತ್ತದೆ, ಆಗ ಮಿದುಳಿಗೂ ಏರುವುದುಂಟು. ಹೀಗಿರುವಾಗ ಮೊದಲ ದಿನಗಳಲ್ಲೇ ಗುರುತಿಸಿ ಕಣ್ಣಿಟ್ಟು ಕಾಯುವುದೊಂದೇ ದಾರಿ. ಆ ಮೊದಲ ದಿನಗಳನ್ನೇ ಇವರು ಸಭೆಗೆ, ಸರ್ವರಿಗೆ, ಜೆರಾಕ್ಸಿಗೆ ಕಳೆದರು. ಕೊನೆಗೆ ಪಾಸಿಟಿವ್ ಎಂದು ಫೋನ್ ಬಂತು. ತಮ್ಮ ಈಗ ಜಿಲ್ಲಾ ಕೇಂದ್ರದಲ್ಲಿ ವಾರ್ಡಿನಲ್ಲಿದ್ದಾನೆ, ಪ್ಲೇಟ್‌ಲೆಟ್ ಏರುತ್ತಿದೆ ಎನ್ನುತ್ತಿದ್ದಾರೆ. ಅಲ್ಲಿನ ಕಿರಿಯ ವೈದ್ಯರು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಅದನ್ನೂ ಹೇಳಬೇಕು.

ಪಾಸಿಟಿವ್ ಬಂದ ಮರುದಿನ ಬೆಳಿಗ್ಗೆ ನಮ್ಮ ಅಂಗಳಕ್ಕೆ ಜೀಪ್ ಬಂತು. ಯಾವ ಮಂಗಕ್ಕಾಗಿ ಮೂರು ಇಲಾಖೆಗಳನ್ನು ಬೇಡಿಕೊಂಡೆನೋ ಅದರ ಎಲುಬಿನ ಸುತ್ತ ಪುಡಿ ಹೊಡೆದರು. ಹೊಡೆಯುವವನನ್ನು ನಿಲ್ಲಿಸಿ, ದಿನಾಂಕ, ಸಮಯ, ಜಾಗ ಎಲ್ಲ ಮೂಡುವ ಹಾಗೆ ಮೊಬೈಲಿನಲ್ಲಿ ಫೋಟೊ ತೆಗೆದರು. ಒಂದು ಸಲ ಸರಿ ಬರಲಿಲ್ಲವೆಂದು ಮತ್ತೊಮ್ಮೆ ಹೊಡೆಸಿ ತೆಗೆದರು. ಆ ಫೋಟೊ ಮುಂದಿನ ಸಭೆಯಲ್ಲಿ ತೋರಿಸಲಿಕ್ಕೆ. ನನ್ನ ತಾಯಿ ‘ಮೊನ್ನೆಯೇ ಬಂದಿದ್ರೆ ಮಗ ಮನೇಲಿರ್ತಿದ್ದ’ ಎಂದಾಗ ಒಬ್ಬರೂ ತಲೆ ಎತ್ತಲಿಲ್ಲ.

ಇದೇನು ಹೊಸ ರೋಗವೇ? 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ. ಲೋಕದ ವೈದ್ಯಪುಸ್ತಕಗಳಲ್ಲೆಲ್ಲ ಇರುವುದು ಆ ಊರಿನ ಹೆಸರೇ. ಎಪ್ಪತ್ತು ವರ್ಷ ಆಗುತ್ತ ಬಂತು. ನವೆಂಬರಿಂದ ಮೇ ತನಕ, ಅಂದರೆ ಅಡಿಕೆ ಕೊಯ್ಲಿನ ಹೊತ್ತಿಗೆ, ದರಗು ಗುಡಿಸುವ ಹೊತ್ತಿಗೆ ಇದು ಬರುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಇಲಾಖೆಗೆ ಮಾತ್ರ ಪ್ರತಿ ವರ್ಷ ಜನವರಿಯಲ್ಲಿ ಮೊದಲ ಸಲ ಗೊತ್ತಾಗುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲುಸಾಲಾಗಿ ಜನ ಸತ್ತಾಗ ಮಂತ್ರಿಗಳ ಕಾರುಗಳು ಬಂದವು. ಇನ್ನು ಹೀಗಾಗಲು ಬಿಡುವುದಿಲ್ಲ ಎಂದರು. ಸಾಗರಕ್ಕೇ ಪ್ರಯೋಗಾಲಯ ಬರುತ್ತದೆ ಎಂಬ ಘೋಷಣೆ ಕೇಳಿದೆವು. ಮಾದರಿಯ ಡಬ್ಬಿ ಈಗಲೂ ಶಿವಮೊಗ್ಗದ ವಾಹನಕ್ಕೆ ಕಾಯುತ್ತಿದೆ.

ಲಸಿಕೆಯ ಕಥೆಯಂತೂ ಇನ್ನೂ ನೋವಿನದು. ಉರಿಯುವ ಆ ಚುಚ್ಚುಮದ್ದನ್ನು ನಮ್ಮ ಊರಿನವರು ವರ್ಷಗಟ್ಟಲೆ ಸಾಲು ನಿಂತು ಹಾಕಿಸಿಕೊಂಡರು, ಎರಡು ಡೋಸ್, ಆಮೇಲೆ ಬೂಸ್ಟರ್. ಹಾಕಿಸಿಕೊಳ್ಳದವರನ್ನು ಬೈದರು ಕೂಡ. ಆಮೇಲೊಂದು ದಿನ ಅದು ಅಷ್ಟು ಪರಿಣಾಮಕಾರಿಯಲ್ಲವೆಂದು ನಿಲ್ಲಿಸಿಬಿಟ್ಟರು. ಹೊಸ ಲಸಿಕೆಯ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕಡೆಯಿಂದ ನಡೆಯುತ್ತಿದೆ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಆಗಲಿ, ಬರಲಿ. ಅದು ಬರುವ ತನಕ ನಮಗಿರುವುದು ಆ ಡೇಪಾ ಎಣ್ಣೆಯೊಂದೇ, ಅದಕ್ಕೂ ಬೀಗ!

ಮೊದಲೆಲ್ಲ ಎಣ್ಣೆ ಮನೆ ಬಾಗಿಲಿಗೆ ತಂದುಕೊಡುತ್ತಿದ್ದವರು ಆಶಾ ಕಾರ್ಯಕರ್ತೆಯರು. ಸತ್ತ ಮಂಗದ ಸುದ್ದಿ ಕೊಡುತ್ತಿದ್ದವರೂ, ಜ್ವರದವರ ಪಟ್ಟಿ ಮಾಡುತ್ತಿದ್ದವರೂ ಅವರೇ. ಆ ಹೆಣ್ಣುಮಕ್ಕಳನ್ನು ಈ ಸರ್ಕಾರ ಹೇಗೆ ನೋಡಿಕೊಂಡಿದೆ? ತಿಂಗಳಿಗೆ ಹದಿನೈದು ಸಾವಿರ ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಮಲಗಬೇಕಾಯಿತು. ಅಧಿಕಾರಿಗಳ ಭತ್ಯೆಗೆ ಯಾರಾದರೂ ಹೀಗೆ ಮಲಗಿದ್ದನ್ನು ನಾನು ಕಂಡಿಲ್ಲ.

ಈ ಜಿಲ್ಲೆ ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ. ಶಿವಮೊಗ್ಗಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, 2023ರಲ್ಲಿ ವಿಮಾನ ನಿಲ್ದಾಣವೂ ಬಂತು. ಸಂತೋಷ. ಆದರೆ ಆ ಕಾಲೇಜಿನಲ್ಲಿ ಓದಿದ ಒಬ್ಬ ವೈದ್ಯ ನಮ್ಮ ಹಳ್ಳಿಯ ಕ್ವಾರ್ಟರ್ಸಿನಲ್ಲಿ ಉಳಿಯುವ ಹಾಗೆ ಮಾಡಲು ಇವರಿಂದ ಆಗಲಿಲ್ಲ. ಆ ಕ್ವಾರ್ಟರ್ಸ್ ಮಳೆಗಾಲದಲ್ಲಿ ಸೋರುತ್ತದೆ, ಹೆಂಚು ಹಾಕಿಸಿ ಎಂದು ಗ್ರಾಮಸಭೆಯಲ್ಲಿ ಎಷ್ಟೋ ಸಲ ಬರೆದುಕೊಟ್ಟಾಗಿದೆ. ವಿದ್ಯುತ್ತಿಗಾಗಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಹಿನ್ನೀರು ನಿಲ್ಲಿಸಿದ್ದು 1964ರಲ್ಲಿ, ಆ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಅಲ್ಲಿಯ ತನಕ ಎಷ್ಟು ಬಸುರಿಯರು, ಎಷ್ಟು ಹಾವು ಕಚ್ಚಿದವರು ಲಾಂಚ್ ನಿಂತ ಮೇಲೆ ದಡದಲ್ಲಿ ಕೂತು ಬೆಳಗು ಕಾದರೋ. ಬೆಳಕು ಕೊಟ್ಟ ಜನಕ್ಕೆ ದಾರಿ ಕೊಡಲು ಅರವತ್ತು ವರ್ಷ ತೆಗೆದುಕೊಂಡ ವ್ಯವಸ್ಥೆಯಿಂದ ಒಂದು ಬಾಟಲಿ ಎಣ್ಣೆ ಬೇಗ ಬರಲಿ ಎಂದು ನಾವು ಹೇಗೆ ನಂಬುವುದು?

ನಿಮ್ಮ ಪತ್ರಿಕೆಗೂ ಒಂದು ಮಾತು. ಅಧಿಕಾರಿಗಳು ಸಭೆಯಲ್ಲಿ ಹೇಳಿದ್ದನ್ನು ಹಾಗೆಯೇ ಅಚ್ಚು ಹಾಕುವ ಮೊದಲು ವರದಿಗಾರರು ಒಂದು ಆಸ್ಪತ್ರೆಯ ಬಾಗಿಲನ್ನಾದರೂ ನೋಡಿ ಬರಲಿ.

ಅಧಿಕಾರಿಗಳಿಗೆ ನಾನು ಹೇಳುವುದಿಷ್ಟು. ಕಾಯಿಲೆಯ ತಿಂಗಳುಗಳಲ್ಲಿ ವೈದ್ಯರನ್ನು ಸಭೆಗೆ ಕರೆಯಬೇಡಿ. ಕರೆಯಲೇಬೇಕಿದ್ದರೆ ಬದಲಿಗೆ ಒಬ್ಬರನ್ನು ಕಳಿಸಿ ಕರೆಯಿರಿ. ಲ್ಯಾಬ್ ಹುದ್ದೆ ತುಂಬಿ. ಎಣ್ಣೆಯನ್ನು ಆಶಾ ಅವರ ಕೈಗೆ ಕೊಡಿ, ಅವರಿಗೆ ಕೊಡಬೇಕಾದ ಹಣವನ್ನೂ ಕೊಡಿ. ಇದಾವುದೂ ಆಗುವುದಿಲ್ಲವೆಂದರೆ ಆ ಆಸ್ಪತ್ರೆಯ ಬೋರ್ಡ್ ಕಳಚಿ ನಮಗೊಂದು ಆಂಬುಲೆನ್ಸ್ ಕೊಡಿ. ಇಲ್ಲ, ಬೋರ್ಡ್ ಕಳಚುವ ಅಧಿಕಾರವೂ ನಿಮಗಿಲ್ಲ, ಅದು ನಮ್ಮ ಹಿರಿಯರು ಜಾಗ ಬಿಟ್ಟುಕೊಟ್ಟು ಕಟ್ಟಿಸಿದ ಆಸ್ಪತ್ರೆ. ಸತ್ತ ಮಂಗದ ಹೊಣೆ ಯಾವ ಇಲಾಖೆಯದು ಎಂಬುದನ್ನಾದರೂ ಮೂವರೂ ಕೂತು ತೀರ್ಮಾನಿಸಿ. ಎಪ್ಪತ್ತು ವರ್ಷದಲ್ಲಿ ಅಷ್ಟನ್ನೂ ತೀರ್ಮಾನಿಸಲಾಗದವರು ಜನ ಆತಂಕಪಡಬಾರದು ಎಂದು ಹೇಳಲು ನಾಚಿಕೆಪಡಬೇಕು.

– ನೊಂದ ಅಡಿಕೆ ಬೆಳೆಗಾರ, ಶಿವಮೊಗ್ಗ ಜಿಲ್ಲೆ