ಮಗಳಿಗೊಂದು ಪತ್ರ: ಹಳೇ ಬೇರಿಂಗನ್ನೇ ಹಾಕಬಹುದಾ?

ಪ್ರೀತಿಯ ಪುಟ್ಟಿಗೆ,

ನಿನ್ನ ಕಾರಿನ ಇಂಜಿನ್‌ನಿಂದ ಬಿಚ್ಚಿದ ಬೇರಿಂಗ್ ಶೆಲ್‌ಗಳ ಫೋಟೋ ಬಂತು. ಇಂಜಿನ್ನಿನ ಮುಖ್ಯ ದಂಡ, ಅಂದರೆ ಕ್ರ್ಯಾಂಕ್, ತಿರುಗುವ ಜಾಗದಲ್ಲಿ ಕೂರುವ ಅರ್ಧ ಬಳೆಯಂಥ ತುಂಡುಗಳು ಅವು. "ಒಂದೂ ಗೀರಿಲ್ಲ ಅಪ್ಪಾ, ಇವನ್ನೇ ವಾಪಸ್ ಹಾಕಲಾ?" ಅಂತ ಕೇಳಿದ್ದೀಯ. ಫೋಟೋದಲ್ಲಿ ಬಣ್ಣ ಕಾಣುತ್ತದೆ, ದಪ್ಪ ಕಾಣುವುದಿಲ್ಲ. "ಬಿಚ್ಚಿದ ಮೇಲೆ ಹೊಸದೇ ಹಾಕಬೇಕು" ಅಂದ ನಿಮ್ಮ ಮೆಕ್ಯಾನಿಕ್ ಮಾತು ತಪ್ಪಲ್ಲ. ಆದರೆ ಅಳತೆ ನೋಡದೆ ಹಾಕಿದ ಹೊಸ ಶೆಲ್ಲಿಗಿಂತ, ಅಳತೆ ಸರಿಯಿರುವ ಹಳೇ ಶೆಲ್ಲೇ ಎಷ್ಟೋ ವಾಸಿ.

"ತಾಮ್ರ ಕಾಣುತ್ತಿಲ್ಲ, ಅಂದರೆ ಸವೆದಿಲ್ಲ ಅಲ್ವಾ" ಅಂತಲೂ ಬರೆದಿದ್ದೀಯ. ಇಲ್ಲಿ ಸ್ವಲ್ಪ ಹುಷಾರು. ಒಂದು ಬಗೆಯ ಶೆಲ್ಲಿನಲ್ಲಿ ಉಕ್ಕಿನ ಬೆನ್ನು, ಅದರ ಮೇಲೆ ತಾಮ್ರ-ಸೀಸದ ಪದರ, ಎಲ್ಲಕ್ಕೂ ಮೇಲೆ ಬೂದು ಬಣ್ಣದ ಮೆದು ಲೋಹದ ಲೇಪ. ಆ ಲೇಪ 0.01–0.02 ಮಿ.ಮೀ. ಇದ್ದರೆ ಹೆಚ್ಚು. ಅದು ಹೋದರೆ ತಾಮ್ರ ಇಣುಕುತ್ತದೆ. ಇನ್ನೊಂದು ಬಗೆಯಲ್ಲಿ ಉಕ್ಕಿನ ಮೇಲೆ ಅಲ್ಯೂಮಿನಿಯಂ-ತವರದ ಮಿಶ್ರಣ. ಅಲ್ಲಿ ತಾಮ್ರದ ಪದರವೇ ಇಲ್ಲ, ಎಷ್ಟು ಸವೆದರೂ ಬೂದಾಗಿಯೇ ಇರುತ್ತದೆ. ನಿನ್ನ ಮಾರುತಿ 800ಕ್ಕೆ ಹಿಂದೆ ಯಾರು ಯಾವ ಸೆಟ್ ಹಾಕಿದ್ದರೋ! ಶೆಲ್ಲಿನ ಬೆನ್ನು ತಿರುಗಿಸಿ ಗುರುತು ಓದು. 0.25 ಅಂತ ಇದ್ದರೆ ಕ್ರ್ಯಾಂಕ್ ಒಮ್ಮೆ ಗ್ರೈಂಡಿಂಗ್ ಆಗಿದೆ, ಅಂದರೆ ಉಜ್ಜಿ 0.25 ಮಿ.ಮೀ. ಸಣ್ಣ ಮಾಡಿದ್ದಾರೆ ಅಂತ ಲೆಕ್ಕ.

ಹಳೆಯದನ್ನು ಹಾಕುವುದು ಮಹಾಪಾಪ ಅಂತ ನಾನು ಹೇಳುವುದಿಲ್ಲ. ಇಂಜಿನ್ ಓಡುವಾಗ ಜರ್ನಲ್ಲು, ಅಂದರೆ ಶೆಲ್ಲಿನೊಳಗೆ ತಿರುಗುವ ಕ್ರ್ಯಾಂಕಿನ ನುಣುಪು ಭಾಗ, ಆಯಿಲನ್ನು ತನ್ನಡಿಗೆ ಎಳೆದುಕೊಂಡು ಅದರ ಮೇಲೇ ತೇಲುತ್ತದೆ. ಲೋಹಕ್ಕೆ ಲೋಹ ತಾಗುವುದು ಹೆಚ್ಚಾಗಿ ಸ್ಟಾರ್ಟ್ ಮಾಡಿದಾಗ, ಆಯಿಲ್ ಪ್ರೆಷರ್ ಬರುವ ಮುಂಚೆ. ಹಾಗಾಗಿ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ ಗಾಡಿಗಳಲ್ಲಿ ಬಹಳ ಓಡಿದ ಶೆಲ್ಲೂ ಚೆನ್ನಾಗಿರುತ್ತದೆ. ನಮ್ಮ ಲೇತ್ ಶಾಪಿಗೆ ಬಂದ ಎಷ್ಟೋ ಇಂಜಿನ್‌ಗಳಲ್ಲಿ ಕಂಡಿದ್ದೇನೆ.

ಆದರೆ ಹಳೇ ಶೆಲ್ಲು ಹಳೇ ಚಪ್ಪಲಿಯ ಹಾಗೆ, ಮೆಟ್ಟಿದವರ ಕಾಲಿಗೇ ಸರಿ. ಯಾವ ಜರ್ನಲ್ಲಿನದೋ ಅಲ್ಲಿಗೇ, ಮೇಲಿನದು ಮೇಲೆ, ಕೆಳಗಿನದು ಕೆಳಗೆ ಹೋಗಬೇಕು. ಕ್ರ್ಯಾಂಕನ್ನು ಇಂಜಿನ್ ಬ್ಲಾಕಿನಲ್ಲಿ ಹಿಡಿಯುವ ನಾಲ್ಕು ಮೇನ್, ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಕೂಡುವಲ್ಲಿ ಮೂರು ಬಿಗ್ ಎಂಡ್, ತಲಾ ಎರಡರಂತೆ ಒಟ್ಟು 14 ತುಂಡು. ಬಿಚ್ಚುವಾಗ ಗುರುತು ಹಾಕಿದ್ದೀಯ ತಾನೆ? ಎಲ್ಲ ಒಂದೇ ಟ್ರೇನಲ್ಲಿ ಕಲಸಿ ಹೋಗಿದ್ದರೆ ಈ ಚರ್ಚೆಯೇ ಬೇಡ, ಹೊಸದು ತಾ.

ಇನ್ನೊಂದು ವಿಷಯ ಬಹಳ ಜನ ನೋಡುವುದಿಲ್ಲ. ಶೆಲ್ಲಿನ ಅಂಚು ಕ್ಯಾಪಿನ (ಶೆಲ್ಲನ್ನು ಅದುಮುವ ಬೋಲ್ಟ್ ಹಾಕಿದ ಮುಚ್ಚಳದ) ಮಟ್ಟಕ್ಕಿಂತ ಚೂರೇ ಚೂರು ಮೇಲೆದ್ದಿರುತ್ತದೆ. ಬೋಲ್ಟ್ ಬಿಗಿದಾಗ ಆ ಚೂರು ಅದುಮಿಕೊಂಡು ಶೆಲ್ಲು ಗಟ್ಟಿಯಾಗಿ ಕೂರುತ್ತದೆ. ಅದನ್ನು ಹಿಡಿದಿಡುವುದು ಶೆಲ್ಲಿನ ಅಂಚಿನಲ್ಲಿರುವ ಪುಟ್ಟ ಕಿವಿಯಲ್ಲ, ಈ ಬಿಗಿತ. ಹೊಸ ಶೆಲ್ಲು ಕಮಾನಿನ ಹಾಗೆ ತುಸು ಅಗಲವಾಗಿರುವುದರಿಂದ ಒತ್ತಿ ಕೂರಿಸಬೇಕು. ನಿನ್ನ ಶೆಲ್ಲನ್ನು ರಾಡ್‌ನಲ್ಲಿ ಕೂರಿಸಿ ಬೋರಲು ಹಿಡಿ. ಕಳಚಿ ಬಿದ್ದರೆ ಅದರ ಕಥೆ ಮುಗಿಯಿತು. ಬೆನ್ನು ಫಳಫಳ ಹೊಳೆಯುತ್ತಿದ್ದರೆ ಅದು ಒಳಗೇ ಅಲ್ಲಾಡಿದೆ. ಉಗುರಿಗೆ ಸಿಗುವ ಗೀರು, ಬಿರುಕು, ಒಳಗೆ ಕೂತ ಮರಳಿನ ಕಣ ಇದ್ದರೂ ಬೇಡ.

ಇದೆಲ್ಲ ಪಾಸಾದರೆ ಪ್ಲಾಸ್ಟಿಗೇಜ್ ಇಡು, ಅಂದರೆ ಶೆಲ್ಲಿಗೂ ಜರ್ನಲ್ಲಿಗೂ ನಡುವಿನ ಗ್ಯಾಪ್ ಅಳೆಯುವ ಮೆದು ಪ್ಲಾಸ್ಟಿಕ್ ಎಳೆ. ಆಯಿಲ್ ಪಸೆ ಒರೆಸಿ, ಎಳೆಯನ್ನು ಜರ್ನಲ್ ಉದ್ದಕ್ಕೆ ಇಟ್ಟು, ಮ್ಯಾನುಯಲ್ ಹೇಳಿದ ಟಾರ್ಕಿಗೆ (ಬಿಗಿತದ ಅಳತೆಗೆ) ಕ್ಯಾಪ್ ಬೋಲ್ಟ್ ಬಿಗಿ ಮಾಡು. ಎಳೆ ಒಳಗಿರುವಾಗ ಕ್ರ್ಯಾಂಕ್ ತಿರುಗಿಸಬಾರದು. ಬಿಚ್ಚಿದ ಮೇಲೆ ಎಳೆ ಅಗಲವಾದಷ್ಟೂ ಗ್ಯಾಪ್ ಕಡಿಮೆ. ಇಂಥ ಸಣ್ಣ ಇಂಜಿನ್‌ನಲ್ಲಿ ಸಾಮಾನ್ಯವಾಗಿ 0.02ರಿಂದ 0.05 ಮಿ.ಮೀ. ಒಳಗೆ ಬರುತ್ತದೆ. ಕಡೇ ಮಾತು ಮ್ಯಾನುಯಲ್‌ನದೇ. ಜರ್ನಲ್ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಪ್ಲಾಸ್ಟಿಗೇಜ್ ಅದನ್ನು ಸರಿಯಾಗಿ ತೋರಿಸುವುದಿಲ್ಲ, ಮೈಕ್ರೋಮೀಟರ್ ಬೇಕೇ ಬೇಕು.

ಇಷ್ಟೆಲ್ಲ ಹೇಳಿದರೂ ನಿನ್ನ ಗಾಡಿಗೆ ಹೊಸದೇ ಹಾಕು ಅನ್ನುತ್ತೇನೆ. ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ನೀರು ಸೇರಿತ್ತು ಅಂದೆಯಲ್ಲ, ಅದೇ ಕಾರಣ. ನೀರು ಬೆರೆತ ಆಯಿಲ್‌ಗೆ ಭಾರ ಹೊರುವ ಶಕ್ತಿ ಕಡಿಮೆ, ಶೆಲ್ಲಿನ ಲೋಹವನ್ನೂ ತಿನ್ನುತ್ತದೆ. ಬರೀ ಚೇಂಬರ್ (ಇಂಜಿನ್ ಅಡಿಯ ಆಯಿಲ್ ತಟ್ಟೆ) ಲೀಕ್ ಅಂತ ಬಿಚ್ಚಿದ್ದರೆ ಹಳೆಯದನ್ನೇ ಹಾಕು ಅನ್ನುತ್ತಿದ್ದೆ. ಒಂದು ಸೆಟ್ ಶೆಲ್ ಉಳಿಸಲು ಹೋಗಿ ಮತ್ತೆ ಇಂಜಿನ್ ಇಳಿಸುವುದು ಯಾವ ಲೆಕ್ಕ?

ಆದರೆ ಶೆಲ್ ಕೊಳ್ಳಲು ಇವತ್ತೇ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಓಡಬೇಡ. ಮೊದಲು ಕ್ರ್ಯಾಂಕ್ ಅಳತೆ ಆಗಲಿ. ಗ್ರೈಂಡಿಂಗ್ ಬೇಕಾದರೆ ಸೈಜೇ ಬದಲಾಗುತ್ತದೆ. ಗ್ರೈಂಡಿಂಗ್ ಆಗಿ ಬಂದ ಮೇಲೆ ಕ್ರ್ಯಾಂಕಿನ ಆಯಿಲ್ ತೂತುಗಳನ್ನು ಬ್ರಷ್ ಹಾಕಿ ತೊಳೆ. ಅಲ್ಲಿ ಉಳಿದ ಪುಡಿ ಹೊಸ ಶೆಲ್ಲನ್ನು ಮೊದಲ ದಿನವೇ ಕೆರೆಯುತ್ತದೆ. ಕೂರಿಸುವಾಗ ಶೆಲ್ಲಿನ ಬೆನ್ನು ಒಣಗಿರಲಿ, ಒಳಮುಖಕ್ಕೆ ಮಾತ್ರ ಆಯಿಲ್. ಗ್ರೂವ್ ಇರುವ ಮೇನ್ ಶೆಲ್ಲು ಬ್ಲಾಕ್ ಕಡೆಗೆ.

ನನ್ನ ಟಾರ್ಕ್ ರೆಂಚನ್ನು ಭಾನುವಾರ ಬರುವ ನಿಮ್ಮ ಮಾವನ ಕೈಲಿ ಕಳಿಸುತ್ತೇನೆ. ಕ್ರ್ಯಾಂಕ್ ಅಳತೆ ಸಿಕ್ಕ ಕೂಡಲೇ ಏಳೂ ಜರ್ನಲ್ಲಿನದು ಬರೆದು ಕಳಿಸು, ಸೈಜ್ ನಾನು ಹೇಳುತ್ತೇನೆ.

ಇಂತಿ,
ಅಪ್ಪ