ಹೆದ್ದಾರಿಯಲ್ಲಿ ಮುಂದಿನ ಗಾಡಿಗೆ ಎಷ್ಟು ಅಂತರ?

ಸಂಪಾದಕರೇ,

ಹೊಸ ಕಾರು ಬಂದಾಗಲೆಲ್ಲ ಅದರ ಮೈಲೇಜ್ ಎಷ್ಟು, ಎಷ್ಟು ಸೆಕೆಂಡಿನಲ್ಲಿ 100ರ ವೇಗ ಮುಟ್ಟುತ್ತದೆ ಅಂತ ಪತ್ರಿಕೆಗಳಲ್ಲಿ ಬರುತ್ತದೆ. ನಾನೂ ಆಸೆಯಿಂದ ಓದುತ್ತೇನೆ. ಆದರೆ 100ರಲ್ಲಿ ಓಡುವ ಕಾರು ನಿಲ್ಲಲು ಎಷ್ಟು ಜಾಗ ಬೇಕು ಅನ್ನೋದನ್ನು ಓದಿದ ನೆನಪಿಲ್ಲ. ಹೊಸದಾಗಿ ಕಾರು ಕಲಿತವರು ಹೆದ್ದಾರಿಗೆ ಹೋಗುವ ಮುಂಚೆ ನನ್ನನ್ನು ಕೇಳುವುದು ಇದನ್ನೇ: ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕು?

ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಮುಂದಿನ ಗಾಡಿಯ ಬ್ರೇಕ್ ಲೈಟ್ ಕಣ್ಣಿಗೆ ಬಿದ್ದು, ತಲೆಗೆ ಹೊಳೆದು, ಕಾಲು ಬ್ರೇಕ್ ಮೇಲೆ ಹೋಗುವಷ್ಟರಲ್ಲಿ ಒಂದು-ಒಂದೂವರೆ ಸೆಕೆಂಡ್ ಆಗಿರುತ್ತದೆ, ಅಷ್ಟರಲ್ಲಿ ಕಾರು 28ರಿಂದ 42 ಮೀಟರ್ ಓಡಿರುತ್ತದೆ, ವೇಗ ಒಂಚೂರೂ ಇಳಿದಿರುವುದಿಲ್ಲ. ಬ್ರೇಕ್ ಒತ್ತಿದ ಮೇಲೆ ಒಣ ರಸ್ತೆಯಲ್ಲೂ ಇನ್ನೊಂದು 50 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ಈ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ.

ಇದು ನನಗೆ ಅರ್ಥವಾಗಿದ್ದು ಒಂದು ಸಂಜೆ. ಮುಂದಿದ್ದ ಕಾರು ಥಟ್ಟನೆ ಪಕ್ಕಕ್ಕೆ ಸರಿಯಿತು, ನೋಡಿದರೆ ಎದುರಿಗೆ ಕೆಟ್ಟು ನಿಂತ ಲಾರಿ. ಅವತ್ತು ಪಕ್ಕದ ಲೇನ್ ಖಾಲಿ ಇತ್ತು, ಉಳಿದುಕೊಂಡೆವು. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರು. ಈಗಲೂ ನೆನೆಸಿಕೊಂಡರೆ ಕೈ ನಡುಗುತ್ತದೆ.

ಓಡಿಸುವಾಗ ಮೀಟರ್ ಅಳೆಯೋಕೆ ಆಗಲ್ಲ ಅಲ್ವಾ? ಅದಕ್ಕೆ ಸೆಕೆಂಡ್ ಎಣಿಸಿ. ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು ಅಂತ ಮನಸ್ಸಿನಲ್ಲೇ ಹೇಳಿ. ಅಷ್ಟು ಮುಗಿಯುವ ಮುಂಚೆ ನೀವು ಆ ಕಂಬ ದಾಟಿದರೆ ತುಂಬಾ ಹತ್ತಿರ ಇದ್ದೀರಿ. ಮಳೆಯಲ್ಲಿ ಇದರ ಎರಡರಷ್ಟು ಬಿಡಿ. ಜಾಗ ಬಿಟ್ಟರೆ ಬೇರೆಯವರು ನುಗ್ಗುತ್ತಾರೆ ಅನ್ನುತ್ತಾರೆ. ನುಗ್ಗಲಿ, ಕಾಲು ಸ್ವಲ್ಪ ಸಡಿಲಿಸಿ ಮತ್ತೆ ಅಂತರ ಮಾಡಿಕೊಳ್ಳಿ. 100 ಕಿ.ಮೀ. ದಾರಿಯನ್ನು 100ರ ಬದಲು 120ರಲ್ಲಿ ಹೋದರೂ ಉಳಿಯುವುದು ಹತ್ತೇ ನಿಮಿಷ.

ಇನ್ನೊಂದು ಪ್ರಶ್ನೆ ಟೈರಿನದು. ದೂರ ಹೋಗುವಾಗ ಟೈರ್ ಬಿಸಿಯಾಗಿ ಗಾಳಿ ಹಿಗ್ಗುತ್ತದೆ, ಅದಕ್ಕೆ ಮುಂಚೆಯೇ ಸ್ವಲ್ಪ ಕಡಿಮೆ ಮಾಡಿ ಅಂತ ಹೇಳುವವರಿದ್ದಾರೆ. ಇದು ತಪ್ಪು, ಅಪಾಯ ಕೂಡ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕದ ಗೋಡೆ ಸುತ್ತು ಸುತ್ತಿಗೂ ಜಾಸ್ತಿ ಬಗ್ಗುತ್ತದೆ, ಅದರಿಂದಲೇ ಬಿಸಿ ಏರುತ್ತದೆ, ಕೊನೆಗೆ ಒಡೆಯುತ್ತದೆ. ಎಷ್ಟು ಗಾಳಿ ಬೇಕು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲೇ ಇರುತ್ತದೆ, ಜನ ಮತ್ತು ಲಗೇಜು ತುಂಬಿದಾಗ ಎಷ್ಟು ಅನ್ನೋದೂ ಇರುತ್ತದೆ. ಟೈರ್ ತಣ್ಣಗಿರುವಾಗ ನೋಡಿ. ಓಡುವಾಗ ಒಡೆದರೆ ಬ್ರೇಕ್ ಜೋರಾಗಿ ಒತ್ತಬೇಡಿ, ಸ್ಟೇರಿಂಗ್ ಗಟ್ಟಿಯಾಗಿ ನೇರ ಹಿಡಿದು ಆಕ್ಸಿಲರೇಟರ್ ಮೆಲ್ಲಗೆ ಬಿಡಿ.

ಕಾರು ಕೆಟ್ಟು ನಿಂತರೆ ಹಜಾರ್ಡ್ ಲೈಟ್ (ಎಲ್ಲ ಇಂಡಿಕೇಟರ್‌ಗಳೂ ಒಟ್ಟಿಗೆ ಮಿನುಗುವುದು) ಹಾಕಿ, ಎಲ್ಲರೂ ರಸ್ತೆಯ ಅಂಚಿನ ಕಡೆಯ ಬಾಗಿಲಿಂದ ಇಳಿದು ತಡೆಗೋಡೆಯ ಆಚೆ ಹೋಗಿ ನಿಲ್ಲಿ. ಮಳೆ ಇದೆ, ಮಕ್ಕಳಿದ್ದಾರೆ ಅಂತ ಸುಮ್ನೆ ಒಳಗೆ ಕೂರಬೇಡಿ.

ಇಂಥ ಪ್ರಶ್ನೆಗಳಿಗೆ ವಾರಕ್ಕೊಮ್ಮೆ ಅರ್ಧ ಕಾಲಂ ಕೊಡಿ ಸಂಪಾದಕರೇ. ಹೊಸ ಕಾರಿನ ಫೋಟೋ ಪಕ್ಕದಲ್ಲೇ ಹಾಕಿದರೂ ಸಾಕು.

– ಒಬ್ಬ ಓದುಗ